ನೀರಿಳಿದ ಮೇಲೆ ಕಟ್ಟಿದ ಮನೆಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡಿಗರ ಸ್ವಂತ ಆಸ್ತಿಯೆಂದು ಬಹುಕಾಲ ನಂಬಿದ್ದೆವು. ಪುಣೆಗೆ ಬಂದ ಮೇಲೆ ಮರಾಠಿಯಲ್ಲಿಯೂ ಅದೇ ಮಾತು, ಮನೆ ಮೊದಲು ಮದುವೆ ಆಮೇಲೆ ಎಂಬ ಅದೇ ಕ್ರಮದಲ್ಲಿ, ಇರುವುದು ತಿಳಿಯಿತು. ಎರಡು ಭಾಷೆಗಳ ಹಿರಿಯರು ಒಂದೇ ಎಚ್ಚರಿಕೆಯನ್ನು ಕೊಟ್ಟಿದ್ದರೂ ನಾವು ಕೇಳಲಿಲ್ಲ. ಸಿಂಹಗಡ ರಸ್ತೆಯ ಆಚೆ ಒಂದೂವರೆ ಗುಂಟೆ ಜಾಗದಲ್ಲಿ 2023ರ ವಿಜಯದಶಮಿಯಂದು ಗುದ್ದಲಿ ಪೂಜೆ ಮಾಡಿದೆವು. ಹದಿನಾಲ್ಕು ತಿಂಗಳಲ್ಲಿ ಮುಗಿಯುತ್ತದೆಂದು ಗುತ್ತಿಗೆದಾರರು ಮಾತು ಕೊಟ್ಟಿದ್ದರು. ಹಿಡಿದದ್ದು ಇಪ್ಪತ್ತಾರು ತಿಂಗಳು.

ಈ ಊರಿನಲ್ಲಿ ಮನೆ ಕಟ್ಟುವವರನ್ನು ನಾಚಿಸುವಂಥ ಒಂದು ಲೆಕ್ಕವಿದೆ. ಒಂದನೆಯ ಬಾಜೀರಾಯನು ಶನಿವಾರವಾಡೆಗೆ 1730ರ ಜನವರಿಯಲ್ಲಿ ಅಡಿಗಲ್ಲು ಹಾಕಿಸಿದ. 1732ರ ಜನವರಿಯಲ್ಲಿ ವಾಸ್ತುಶಾಂತಿ ನಡೆಯಿತು. ಜುನ್ನರದ ಕಾಡಿನ ತೇಗ, ಚಿಂಚವಾಡದ ಕಲ್ಲು, ಜೇಜೂರಿಯ ಸುಣ್ಣ, ಒಟ್ಟು ವೆಚ್ಚ 16,110 ರೂಪಾಯಿ. ಪೇಶ್ವೆಯ ಅರಮನೆ ಎರಡು ವರ್ಷಕ್ಕೆ ಮುಗಿದಿತ್ತು. ನಮ್ಮ ಎರಡು ಮಲಗುವ ಕೋಣೆಗಳ ಮನೆ ಮುಗಿಯಲಿಲ್ಲ. ಆದರೆ ಈ ಲೆಕ್ಕದಲ್ಲಿ ಒಂದು ಸಂಗತಿ ಇಲ್ಲ. ಆ ಎರಡು ವರ್ಷ ಅಲ್ಲಿ ಕೆಲಸ ಮಾಡಿದವರ ಮನೆಯಲ್ಲಿ ಒಲೆ ಎಲ್ಲಿ ಉರಿಯುತ್ತಿತ್ತು, ಮಕ್ಕಳು ಎಲ್ಲಿ ಮಲಗುತ್ತಿದ್ದರು ಎಂಬುದು. ಇತಿಹಾಸವು ಅಡಿಗಲ್ಲಿನ ದಿನವನ್ನೂ ಗೃಹಪ್ರವೇಶದ ದಿನವನ್ನೂ ಬರೆದಿಡುತ್ತದೆ. ನಡುವಿನ ದಿನಗಳು ಮನೆಯ ಹೆಂಗಸರ ನೆನಪಿನಲ್ಲಿ ಉಳಿಯುತ್ತವೆ. ಅಂಥ ನೆನಪುಗಳ ಎರಡು ಕಂತೆಗಳು ನಮ್ಮ ಕೈಸೇರಿದ್ದು ಮನೆ ಕಟ್ಟುವ ಕಷ್ಟದ ನಡುವೆಯೇ.

ಬಾಡಿಗೆ ಉಳಿಸಬೇಕೆಂದು ನಾವು ದೊಡ್ಡ ಫ್ಲ್ಯಾಟು ಬಿಟ್ಟು ಸಹಕಾರನಗರದ ಒಂದು ಹಳೆಯ ಮನೆಯ ಮಹಡಿಯ ಎರಡು ಕೋಣೆಗಳಿಗೆ ಬಂದಿದ್ದೆವು. ಅರ್ಧ ಸಾಮಾನು ಪೆಟ್ಟಿಗೆಗಳಲ್ಲಿ. ಮಗಳ ಹತ್ತನೆಯ ತರಗತಿಯ ಪುಸ್ತಕಗಳು ಹಾಸಿಗೆಯ ಕೆಳಗೆ. ಕೆಳಗಿನ ಮನೆಯಲ್ಲಿ ಮನೆಯೊಡತಿ ಒಬ್ಬರೇ ಇದ್ದರು. ಎಂಬತ್ತು ದಾಟಿದವರು, ಎಲ್ಲರಂತೆ ನಾವೂ ಅವರನ್ನು ‘ಆಜಿ’ ಎಂದೆವು. ಗುತ್ತಿಗೆದಾರರು ಫೋನು ಎತ್ತದ ಒಂದು ಸಂಜೆ ನಮ್ಮ ದನಿ ಏರಿದ್ದನ್ನು ಕೇಳಿಸಿಕೊಂಡು ಅವರು ಚಹಾಕ್ಕೆ ಕರೆದರು. ಈ ಮನೆ ಮುಗಿಯಲು ಇಪ್ಪತ್ತೆರಡು ವರ್ಷ ಹಿಡಿಯಿತೆಂದು ಅಂದೇ ಹೇಳಿದರು.

ಅವರ ಕಥೆ ಶುರುವಾಗುವುದು 1961ರ ಜುಲೈ 12ರಂದು. ಅಂಬಿ ನದಿಗೆ ಪಾನ್‌ಶೇತದಲ್ಲಿ ಕಟ್ಟುತ್ತಿದ್ದ ಮಣ್ಣಿನ ಅಣೆಕಟ್ಟು ಇನ್ನೂ ಪೂರ್ತಿಯಾಗಿರಲಿಲ್ಲ. ಹಿಂದಿನ ರಾತ್ರಿ ಸೈನಿಕರು ಮರಳಿನ ಚೀಲಗಳನ್ನು ಒಟ್ಟಿ ಅದನ್ನು ಉಳಿಸಲು ಹೆಣಗಿದರು. ಬೆಳಿಗ್ಗೆ ಅದು ಒಡೆಯಿತು. ಆ ನೀರು ಕೆಳಗಿನ ಖಡಕ್‌ವಾಸಲಾಕ್ಕೆ ನುಗ್ಗಿತು. 1879ರಿಂದ ನಿಂತಿದ್ದ ಆ ಕಲ್ಲಿನ ಅಣೆಕಟ್ಟೂ ತಾಳಲಿಲ್ಲ. ಮುಠಾ ನದಿ ದಂಡೆ ಮೀರಿ ನಾರಾಯಣ ಪೇಠೆ, ಶನಿವಾರ ಪೇಠೆ, ಕಸಬಾ, ಡೆಕ್ಕನ್ ಜಿಮಖಾನಾಗಳ ತಗ್ಗು ಪ್ರದೇಶಗಳನ್ನು ಮುಳುಗಿಸಿತು. ನೂರಾರು ಜನ ಸತ್ತರು. ಸಾವಿರಾರು ಕುಟುಂಬಗಳು ನಿಂತ ನಿಲುವಿನಲ್ಲಿ ಬೀದಿಗೆ ಬಂದವು. ಖಡಕ್‌ವಾಸಲಾ ಊರಿಗೆ ಕುಡಿಯುವ ನೀರಿನ ಮೂಲವೂ ಆಗಿತ್ತು. ಹಾಗಾಗಿ ನೀರಿನಲ್ಲಿ ಮುಳುಗಿದ ಊರಿಗೆ ಮರುದಿನ ಕುಡಿಯಲು ನೀರಿರಲಿಲ್ಲ.

ಆಜಿಗೆ ಆಗ ಹತ್ತೊಂಬತ್ತು. ಗಂಡ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ನಾರಾಯಣ ಪೇಠೆಯ ವಾಡೆಯೊಂದರಲ್ಲಿ ಒಂದೂವರೆ ಕೋಣೆಯ ಬಾಡಿಗೆ ಸಂಸಾರ. ‘ಧರಣ್ ಫುಟಲೇ’ ಎಂಬ ಕೂಗು ಕೇಳಿ ಅತ್ತೆಯ ಕೈ ಹಿಡಿದು ಪರ್ವತಿ ಗುಡ್ಡದ ಕಡೆ ಓಡಿದರು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಮರುದಿನ ಬಂದು ನೋಡಿದಾಗ ಒಲೆಯೂ ಇಲ್ಲ, ಒಲೆಯಿದ್ದ ಗೋಡೆಯೂ ಇಲ್ಲ.

ಸರ್ಕಾರವು ಪುನರ್ವಸತಿಯ ಹೊಣೆಯನ್ನು ಐಸಿಎಸ್ ಅಧಿಕಾರಿ ಸ. ಗೋ. ಬರ್ವೆ ಅವರಿಗೆ ಒಪ್ಪಿಸಿತು. ನಿರಾಶ್ರಿತರಿಗಾಗಿ ಊರ ಹೊರಗಿನ ಬಯಲುಗಳಲ್ಲಿ ‘ನಿಸೆನ್ ಹಟ್’ಗಳು ಎದ್ದವು. ಬ್ರಿಟಿಷ್ ಸೈನ್ಯದ ಇಂಜಿನಿಯರ್ ಪೀಟರ್ ನಿಸೆನ್ 1916ರಲ್ಲಿ, ಮೊದಲನೆಯ ಮಹಾಯುದ್ಧದ ಸೈನಿಕರಿಗಾಗಿ ರೂಪಿಸಿದ ತಗಡಿನ ಗುಡಾರಗಳಿವು. ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿಟ್ಟಂತೆ ಕಾಣುತ್ತವೆ. ಯುದ್ಧಕ್ಕೆ ಹೊರಟವರು ಕೆಲವು ತಿಂಗಳು ತಂಗಲೆಂದು ಮಾಡಿದ್ದರಲ್ಲಿ ಪುಣೆಯ ಸಂಸಾರಗಳು ವರ್ಷಗಟ್ಟಲೆ ಬದುಕಿದವು. ಆಜಿಯ ಮೊದಲ ಮಗ ಹುಟ್ಟಿದ್ದು ಅಲ್ಲಿಯೇ. ಬೇಸಗೆಯಲ್ಲಿ ತಗಡು ಮುಟ್ಟುವಂತಿರಲಿಲ್ಲ. ಮಳೆ ಬಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಗೋಡೆ ಬಾಗಿದ್ದುದು. ಕಪಾಟು ಒರಗಿಸಿ ಇಡುವಂತಿಲ್ಲ, ದೇವರ ಪಟ ತೂಗುಹಾಕುವಂತಿಲ್ಲ. ಮೊಳೆ ಹೊಡೆದು ಕ್ಯಾಲೆಂಡರು ಹಾಕಿದರೆ ಅದು ಗೋಡೆಗೆ ತಾಗದೆ ಗಾಳಿಯಲ್ಲಿ ಜೋತಾಡುತ್ತಿತ್ತು. ಸ್ವಂತ ಮನೆಯ ಗೃಹಪ್ರವೇಶದ ತಿಥಿ ಅವರಿಗೆ ನೆನಪಿಲ್ಲ. ನೆಟ್ಟಗಿನ ಗೋಡೆಗೆ ಕ್ಯಾಲೆಂಡರು ತೂಗುಹಾಕಿದ ಸಂಜೆ ನೆನಪಿದೆ.

ಆ ನೆಟ್ಟಗಿನ ಗೋಡೆ ಸಿಕ್ಕಿದ ಬಗೆಯೇ ಇಲ್ಲಿನ ಮುಖ್ಯ ಇತಿಹಾಸ. ಪೂರಗ್ರಸ್ತರು, ಎಂದರೆ ನೆರೆಗೆ ಸಿಕ್ಕವರು, ತಮ್ಮ ತಮ್ಮಲ್ಲಿ ಸಹಕಾರಿ ಗೃಹನಿರ್ಮಾಣ ಸಂಘಗಳನ್ನು ಮಾಡಿಕೊಂಡರು. ಇಂಥ ಸಂಘಗಳು ನೂರನ್ನು ದಾಟಿದವು. ಸರ್ಕಾರ ಅವಕ್ಕೆ ದೀರ್ಘಾವಧಿಯ ಗುತ್ತಿಗೆಯ ಮೇಲೆ ಜಾಗ ಕೊಟ್ಟಿತು. ವಾಡೆಗಳಲ್ಲಿ ತಲೆಮಾರುಗಳಿಂದ ಬಾಡಿಗೆಗಿದ್ದ ಅನೇಕ ಕುಟುಂಬಗಳು ಮೊದಲ ಬಾರಿಗೆ ತಮ್ಮ ಹೆಸರಿನ ಬಾಗಿಲು ಕಂಡದ್ದು ಹೀಗೆ. ಬಡಾವಣೆಯ ಹೆಸರಿನಲ್ಲಿರುವ ‘ಸಹಕಾರ’ ಬರಿಯ ಅಲಂಕಾರವಲ್ಲ.

ಈ ಸಹಕಾರದ ದಾರಿಯಲ್ಲಿ ಹಿಂದೆ ನಡೆದುಹೋದರೆ ನಮ್ಮವರೇ ಎದುರಾಗುತ್ತಾರೆ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಬೆಂಗಳೂರಿನಲ್ಲಿ 1909ರಲ್ಲಿಯೇ ಸಹಕಾರಿ ಗೃಹನಿರ್ಮಾಣ ಸಂಘವೊಂದು ಹುಟ್ಟಿತು. ಕೆನರಾ ಕರಾವಳಿಯಿಂದ ಮುಂಬಯಿಗೆ ಉದ್ಯೋಗಕ್ಕೆ ಹೋಗಿ, ದುಬಾರಿ ಬಾಡಿಗೆಗೆ ಬೇಸತ್ತಿದ್ದ ಸಾರಸ್ವತ ಕುಟುಂಬಗಳನ್ನು ಒಟ್ಟುಗೂಡಿಸಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ನಿಲ್ಲಿಸಿದರು. ತಾಡದೇವದ ತಲ್ಮಕಿವಾಡಿ ಇಂದಿಗೂ ಅವರ ಹೆಸರಿನಲ್ಲಿದೆ. ಪರಊರಿನಲ್ಲಿ ಒಬ್ಬನಿಂದ ಆಗದ ಮನೆ ಹತ್ತು ಜನರ ಸಹಿಯಿಂದ ಆಗುತ್ತದೆ ಎಂಬುದನ್ನು ಹೊರನಾಡಿಗೆ ಹೋದವರು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು.

ಸಂಘ ಜಾಗ ಕೊಡಿಸಿತು. ಮನೆಯನ್ನು ಮಾತ್ರ ಸಂಸಾರವೇ ಕಟ್ಟಬೇಕಿತ್ತು, ಅದೂ ಕಂತಿನಲ್ಲಿ. ಮೊದಲು ಎರಡು ಕೋಣೆ. ಆ ದಶಕಗಳಲ್ಲಿ ಸಿಮೆಂಟು ಬಹುಮಟ್ಟಿಗೆ ಸರ್ಕಾರದ ಹಿಡಿತದಲ್ಲಿದ್ದ ಸರಕು. ಪರವಾನಗಿಯ ಚೀಟಿ ಹಿಡಿದು ಚೀಲಗಳಿಗೆ ಕಾಯಬೇಕು. ಚೀಲ ಬಂದ ದಿನ ಗವಂಡಿ ಸಿಗುತ್ತಿರಲಿಲ್ಲ, ಗವಂಡಿ ಸಿಕ್ಕ ದಿನ ಕೈಯಲ್ಲಿ ಹಣವಿರುತ್ತಿರಲಿಲ್ಲ. ಕಟ್ಟಿದ ಗೋಡೆಗೆ ದಿನಕ್ಕೆ ಎರಡು ಹೊತ್ತು ನೀರು ಹೊಡೆಯುವುದು ಆಜಿಯ ಪಾಲು. ಬೀದಿಯ ಕೊನೆಯ ನಲ್ಲಿಯಿಂದ ಕೊಡದಲ್ಲಿ ತರಬೇಕು. ತಮ್ಮ ಮನೆಯನ್ನು ಒಯ್ದ ಅದೇ ನೀರನ್ನು ಗೋಡೆಗೆ ಕುಡಿಸುತ್ತ ಅವರು ನಗುತ್ತಿದ್ದರಂತೆ. ಮೂರನೆಯ ಕೋಣೆ ಎದ್ದದ್ದು ಎಪ್ಪತ್ತರ ದಶಕದಲ್ಲಿ, ನಾಲ್ಕು ಬಳೆ ಮಾರಿ. 1982ರ ಜನವರಿಯಲ್ಲಿ ಸಿಮೆಂಟು ಹಂಚಿಕೆಯ ವಿಚಾರದಲ್ಲಿ ಬಾಂಬೆ ಹೈಕೋರ್ಟಿನ ತೀರ್ಪು ಬಂದು ಮುಖ್ಯಮಂತ್ರಿ ಅಂತುಲೆಯವರು ರಾಜೀನಾಮೆ ಕೊಟ್ಟರು. ಮರುತಿಂಗಳೇ ಕೇಂದ್ರ ಸರ್ಕಾರ ಸಿಮೆಂಟಿನ ಮೇಲಿನ ನಿಯಂತ್ರಣವನ್ನು ಭಾಗಶಃ ಸಡಿಲಿಸಿತು. ನಾವು ಬಾಡಿಗೆಗಿದ್ದ ಮಹಡಿ ಎದ್ದದ್ದು ಮುಂದಿನ ವರ್ಷ. ದೇಶದ ಆರ್ಥಿಕ ನೀತಿಯ ಚರಿತ್ರೆಯನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಈ ಮನೆಯಲ್ಲಿ ಅದನ್ನು ಮೆಟ್ಟಿಲು ಹತ್ತುತ್ತ ಓದಬಹುದಾಗಿತ್ತು.

ಇದನ್ನೆಲ್ಲ ಕೇಳಿದ ಮೇಲೆಯೂ ನಮ್ಮ ಕಷ್ಟ ಕಡಿಮೆಯಾಗಲಿಲ್ಲ. ಸ್ವಲ್ಪ ನಾಚಿಕೆ ಬಂತು, ಅಷ್ಟೆ. ಕಚೇರಿಗೆ ಹೋಗುವ ಮುನ್ನ ಸ್ಲ್ಯಾಬಿಗೆ ನೀರು ಹೊಡೆಯುವುದು, ಸಂಜೆ ಮರಳಿನ ಲೆಕ್ಕ, ರಾತ್ರಿ ಟೈಲ್ಸಿನ ಬಣ್ಣಕ್ಕೆ ಜಗಳ. ಮಗಳು ಪರೀಕ್ಷೆಯ ಹಿಂದಿನ ರಾತ್ರಿ, ‘ನಿಮ್ಮ ಮನೆ ಮುಗಿಯೋದ್ರಾಗ ನನ್ನ ಕಾಲೇಜೂ ಮುಗೀತದ’ ಎಂದಳು. ‘ನಿಮ್ಮ ಮನೆ’ ಎಂದದ್ದು ನಮ್ಮಿಬ್ಬರಿಗೂ ಚುಚ್ಚಿತು. ನೌಕರರಿಗೆ ಸರ್ಕಾರ ಕೊಡುವ ಗೃಹನಿರ್ಮಾಣ ಮುಂಗಡಕ್ಕೆ 2017ರ ನಿಯಮದಂತೆ 25 ಲಕ್ಷದ ಮಿತಿ. ನಾಲ್ಕು ತಿಂಗಳು ಕೆಲಸ ನಿಂತು ಮತ್ತೆ ಶುರುವಾಗುವಾಗ ದರಗಳೆಲ್ಲ ಏರಿದ್ದವು. ಮೇಲಂತಸ್ತಿಗೆ ಹಣ ಸಾಲುವುದಿಲ್ಲವೆಂಬುದು ಸ್ಪಷ್ಟವಾಯಿತು. ಆಗ ನಮ್ಮ ಕಣ್ಣು ಅವ್ವನ ಮನೆಯ ಮೇಲೆ ಬಿತ್ತು.

ಅವ್ವ ಇರುವುದು ಬಾಗಲಕೋಟೆಯ ನವನಗರದಲ್ಲಿ. ಆ ಊರೂ ಒಂದು ಅಣೆಕಟ್ಟಿನ ಕೂಸು. ಆಲಮಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಜಲಾಶಯದ ಮಟ್ಟ 519.6 ಮೀಟರಿಗೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2000ದಲ್ಲಿ. ಈ ನಡುವಿನ ವರ್ಷಗಳಲ್ಲಿ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳಿಗೆಲ್ಲ ‘ಮುಳುಗಡೆ’ ಎಂಬ ಒಂದೇ ಹೆಸರು. ಪುಣೆಯ ನೀರು ಒಂದು ಬೆಳಗಿನಲ್ಲಿ ಬಂತು. ನಮ್ಮ ನೀರು ಹೇಳಿ ಕೇಳಿ, ಕಾಗದ ಕಳಿಸಿ, ವರ್ಷಗಟ್ಟಲೆ ಕಾಯಿಸಿ ಬಂತು. ಅವ್ವ ಮಾಳಿಗೆ ಮನೆಯ ತೊಲೆಗಳನ್ನೂ ತಲೆಬಾಗಿಲನ್ನೂ ಬಿಚ್ಚಿಸಿ ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಹೋಗಿ, ಹೊಸ ನಿವೇಶನದ ತಗಡಿನ ಶೆಡ್ಡಿನಲ್ಲಿದ್ದುಕೊಂಡು ಮನೆ ಕಟ್ಟಿಸಿದ್ದಳು. ಆ ಎರಡು ಬೇಸಗೆ ನಾವು ಓದಲು ಹೊರಗಿದ್ದೆವು. ನಡುವಿನ ದಿನಗಳನ್ನು ನಾವು ನೋಡಲಿಲ್ಲ, ಕೇಳಲೂ ಇಲ್ಲ.

ಈಗ ಕೇಳಿದ್ದು ಮನೆ ಮಾರೋಣವೇ ಎಂದು. ಅವ್ವ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: ‘ನೀರು ಒಯ್ದದ್ದಕ್ಕ ಸರಕಾರ ರೊಕ್ಕಾ ಕೊಟ್ಟತು. ನೀವು ಒಯ್ದರ ಯಾರು ಕೊಡತಾರ? ಬಾಗಲಾ ಕೀಳೋ ಕೆಲಸ ಒಂದ ಸಲ ಮಾಡೀನಿ. ಸಾಕು.’

ಆ ಮಾತು ನಮಗೆ ಪೂರ್ತಿ ಅರ್ಥವಾಗಲು ಮತ್ತೊಂದು ದಿನ ಬರಬೇಕಾಯಿತು. 2024ರ ಜುಲೈ 25ರಂದು ಖಡಕ್‌ವಾಸಲಾದಿಂದ ಬಿಟ್ಟ ನೀರು ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳೊಳಗೆ ಹೊಕ್ಕಿತು. ಸಹಕಾರನಗರಕ್ಕೆ ಯಾವ ಅಪಾಯವೂ ಇರಲಿಲ್ಲ. ಆದರೂ ಆಜಿ ಬೆಳಿಗ್ಗೆಯಿಂದ ಒಂದು ಚೀಲ ಕಟ್ಟಿಟ್ಟುಕೊಂಡು ಕೂತಿದ್ದರು. ಗಳಿಗೆಗೊಮ್ಮೆ ನೀರು ಎಲ್ಲಿಯವರೆಗೆ ಬಂತೆಂದು ಕೇಳುತ್ತಿದ್ದರು. ಅಂದು ಒಲೆ ಹಚ್ಚಲಿಲ್ಲ. ಚೀಲದಲ್ಲಿ ಏನಿದೆಯೆಂದು ಮಗಳು ಕೇಳಿದಳು. ಮನೆಯ ಕಾಗದಗಳು ಮತ್ತು ಒಂದು ಸೇರು ಬೇಳೆ.

ಅವ್ವನಿಗೆ ಅಂದೇ ರಾತ್ರಿ ಫೋನು ಮಾಡಿ ಮನೆ ಮಾರುವ ಮಾತು ಬಿಟ್ಟೆವೆಂದು ಹೇಳಿದೆವು. ಕೊರತೆಯ ಹಣವನ್ನು ಕಚೇರಿಯ ನೌಕರರ ಪತ್ತಿನ ಸಹಕಾರ ಸಂಘ ಕೊಟ್ಟಿತು. ಇಬ್ಬರು ಸಹೋದ್ಯೋಗಿಗಳು ಜಾಮೀನು ಹಾಕಿದರು. ಅರ್ಜಿಯ ಮೇಲೆ ಅವರು ಸಹಿ ಹಾಕುವಾಗ ಕಣಗಿನಹಾಳ ನೆನಪಾಯಿತು. ಮೇಲಂತಸ್ತನ್ನು ಕೈಬಿಟ್ಟೆವು.

ಗೃಹಪ್ರವೇಶಕ್ಕೆ ಅವ್ವ ಬಂದಳು, ಆಜಿಯೂ ಬಂದರು. ಒಬ್ಬರಿಗೆ ಮರಾಠಿ ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ಇಬ್ಬರೂ ಬೇರೆ ಬೇರೆ ಕೇಳಿದ ಮೊದಲ ಪ್ರಶ್ನೆ ಒಂದೇ ಆಗಿತ್ತು: ಹೊಳೆ ಇಲ್ಲಿಂದ ಎಷ್ಟು ದೂರ? ನೀರಾವರಿ ಇಲಾಖೆಯವರು ನಕ್ಷೆಯಲ್ಲಿ ಎರಡು ಗೆರೆ ಎಳೆಯುತ್ತಾರೆ, ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ, ನೂರು ವರ್ಷಕ್ಕೊಮ್ಮೆ ಬರಬಹುದಾದದ್ದಕ್ಕೆ ಕೆಂಪು, ನಮ್ಮ ಮನೆ ಎರಡರ ಹೊರಗಿದೆ ಎಂದು ಹೇಳಿದೆವು. ‘ಗೆರಿ ನಮ್ಮೂರಾಗೂ ಹಾಕಿದ್ರು’ ಎಂದಳು ಅವ್ವ. ಅದನ್ನು ಮರಾಠಿಯಲ್ಲಿ ಹೇಳಿದಾಗ ಆಜಿ ತಲೆಯಾಡಿಸಿದರು.

ಮುಠಾ ಹರಿದು ಭೀಮೆಯನ್ನು ಸೇರುತ್ತದೆ. ಬಾಗಲಕೋಟೆಯ ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಭೀಮೆಯೂ ಕೃಷ್ಣೆಯೂ ರಾಯಚೂರಿನ ಬಳಿ ಕೂಡುತ್ತವೆ. ಈ ಭೂಗೋಳವನ್ನು ನಾವು ಇಬ್ಬರಿಗೂ ವಿವರಿಸಲು ಹೊರಟಿದ್ದೆವು. ಅಷ್ಟರಲ್ಲಿ ಅವರು ಮಾಳಿಗೆ ಹತ್ತಿದ್ದರು. ಮುಂದೆಂದಾದರೂ ಕಟ್ಟುವ ಅಂತಸ್ತಿಗೆಂದು ಕಂಬಗಳ ತುದಿಯಲ್ಲಿ ಬಿಟ್ಟ ಕಬ್ಬಿಣದ ಸರಳುಗಳು ಅಲ್ಲಿ ಹಾಗೆಯೇ ನಿಂತಿವೆ. ನಾವು ಹೋಗಿ ನೋಡಿದಾಗ ಆಜಿ ಎರಡು ಸರಳುಗಳ ನಡುವೆ ಹಗ್ಗ ಕಟ್ಟಿ ಮುಗಿಸಿದ್ದರು; ಅವ್ವ ತನ್ನ ಒದ್ದೆ ಸೀರೆಯನ್ನು ಒಣಹಾಕುತ್ತಿದ್ದಳು.