ಗಡ್ಡೆಯ ಪಕ್ಕದ ಮಾತು: ಮಿದುಳಿನಲ್ಲಿ ಭಾಷೆಯನ್ನು ಹುಡುಕಿದ ಚರಿತ್ರೆ

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ತಲೆಯನ್ನು ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ಸ್ಕ್ಯಾನ್ ಮಾಡಿತು. ಆಕೆಯ ಮಿದುಳಿನ ಮುಂಭಾಗದಲ್ಲಿ ಗಡ್ಡೆಯಿದೆಯೆಂಬ ಶಂಕೆಯಿತ್ತು. ಬುರುಡೆ ತೆರೆಯದೆಯೇ ಗಡ್ಡೆ ಕಣ್ಣಿಗೆ ಬಿತ್ತು. ನರಶಸ್ತ್ರವೈದ್ಯರ ಪಾಲಿಗೆ ಅದು ದೊಡ್ಡ ಬಿಡುಗಡೆ. ಆದರೆ ಗಡ್ಡೆಯ ಅಂಚಿನಲ್ಲಿರುವ ಮಿದುಳು ಯಾವ ಕೆಲಸ ಮಾಡುತ್ತಿದೆ, ಅದನ್ನು ಕತ್ತರಿಸಿದರೆ ರೋಗಿ ನಾಳೆ ತನ್ನ ಮಗಳ ಹೆಸರು ಹೇಳಬಲ್ಲಳೇ ಎಂಬುದಕ್ಕೆ ಆ ಚಿತ್ರದಲ್ಲಿ ಉತ್ತರವಿರಲಿಲ್ಲ.

ಆ ಉತ್ತರದ ಹುಡುಕಾಟವನ್ನು ಸಾಮಾನ್ಯವಾಗಿ ಯಂತ್ರಗಳ ವಂಶಾವಳಿಯಂತೆ ಬರೆಯುತ್ತಾರೆ. ನನ್ನ ಓದಿನಲ್ಲಿ ಇಡೀ ಚರಿತ್ರೆಯನ್ನು ಹಿಡಿದಿಟ್ಟಿರುವುದು ಎರಡು ಪ್ರಶ್ನೆಗಳ ನಡುವಿನ ಎಳೆದಾಟ. ಮಾತಾಡುವಾಗ ಮಿದುಳಿನ ಯಾವ ಜಾಗಗಳು ದುಡಿಯುತ್ತವೆ ಎಂಬುದು ಒಂದು. ಯಾವ ಜಾಗ ಹೋದರೆ ಮಾತೇ ಹೋಗುತ್ತದೆ ಎಂಬುದು ಇನ್ನೊಂದು. ಚಿತ್ರ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಶಸ್ತ್ರವೈದ್ಯನಿಗೆ ಬೇಕಿರುವುದು ಎರಡನೆಯದು.

ಎರಡನೆಯ ಪ್ರಶ್ನೆಯೇ ಹಳೆಯದು. 1861ರಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ತೀರಿಕೊಂಡ. ವರ್ಷಗಟ್ಟಲೆ ಅವನ ಬಾಯಿಂದ ಹೊರಡುತ್ತಿದ್ದುದು ‘ಟಾನ್’ ಎಂಬ ಒಂದೇ ಸದ್ದು. ಪಾಲ್ ಬ್ರೋಕಾ ಅವನ ಮಿದುಳನ್ನು ಪರೀಕ್ಷಿಸಿ ಎಡ ಮುಂಭಾಗದ ಹಾನಿಯನ್ನು ತೋರಿಸಿದರು. 1874ರಲ್ಲಿ ಕಾರ್ಲ್ ವೆರ್ನಿಕೆ, ಮಾತು ಸರಾಗವಾಗಿದ್ದೂ ಅರ್ಥಗ್ರಹಿಕೆ ಕೆಟ್ಟ ರೋಗಿಗಳ ಹಾನಿಯನ್ನು ಹಿಂದಿನ ಟೆಂಪೊರಲ್ ಭಾಗದಲ್ಲಿ ಗುರುತಿಸಿದರು. ಈ ಎರಡು ಹೆಸರುಗಳ ನಕ್ಷೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಗಡ್ಡೆಯ ರೋಗಿಗೆ ಮಾತ್ರ ಅದು ಸಾಲದು. ಪಾರ್ಶ್ವವಾಯು ಮಿದುಳಿನ ಒಂದು ಭಾಗವನ್ನು ಒಮ್ಮೆಗೇ ಕೊಲ್ಲುತ್ತದೆ. ನಿಧಾನವಾಗಿ ಬೆಳೆಯುವ ಗ್ಲಯೋಮಾ ಎಂಬ ಗಡ್ಡೆ ಹಾಗಲ್ಲ. ಅದು ನರತಂತುಗಳ ನಡುವೆ ನುಸುಳುತ್ತದೆ, ಪಕ್ಕದ ಮಡಿಕೆಗಳನ್ನು ತಳ್ಳುತ್ತದೆ, ಕೆಲವೊಮ್ಮೆ ವರ್ಷಗಳ ಅವಕಾಶ ಕೊಟ್ಟು ಕೆಲಸವನ್ನು ಬೇರೆ ಭಾಗಗಳಿಗೆ ಸರಿಯಲು ಬಿಡುತ್ತದೆ. ಬ್ರೋಕಾ ಪ್ರದೇಶದಲ್ಲೇ ಗಡ್ಡೆಯಿದ್ದೂ ನಿರರ್ಗಳವಾಗಿ ಮಾತಾಡುವವರಿದ್ದಾರೆ.

ಹೀಗಾಗಿ ನಕ್ಷೆಯನ್ನು ಪ್ರತಿ ರೋಗಿಯಲ್ಲೂ ಹೊಸದಾಗಿ ಬರೆಯಬೇಕಾಯಿತು. 1928ರಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಬ್ರೆಸ್ಲಾವಿಗೆ ಹೋಗಿ, ಎಚ್ಚರದಲ್ಲಿರುವ ರೋಗಿಯ ಮಿದುಳಿಗೆ ಸಣ್ಣ ವಿದ್ಯುತ್ ತಾಗಿಸಿ ಪರೀಕ್ಷಿಸುವ ಕ್ರಮವನ್ನು ಓಟ್‌ಫ್ರಿಡ್ ಫೋರ್‌ಸ್ಟರ್ ಅವರ ಬಳಿ ಕಲಿತರು. 1934ರಲ್ಲಿ ತಾವೇ ಕಟ್ಟಿದ ಮಾಂಟ್ರಿಯಲ್ ನ್ಯೂರಲಾಜಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನು ಬೆಳೆಸಿದರು. ಮಿದುಳಿಗೆ ನೋವಿನ ಅರಿವಿಲ್ಲ. ನೆತ್ತಿಯ ಚರ್ಮಕ್ಕೆ ಅರಿವಳಿಕೆ ಸಾಕು. ಎಲೆಕ್ಟ್ರೋಡ್ ತಾಗಿದ ಕಡೆ ಅಂಕಿ ಬರೆದ ಪುಟ್ಟ ಕಾಗದದ ಚೂರು ಇಡುತ್ತಿದ್ದರು. ಕೈಕಾಲಿನ ಭಾಗಕ್ಕೆ ವಿದ್ಯುತ್ ತಾಗಿದರೆ ಬೆರಳು ಅಲುಗುತ್ತದೆ. ಭಾಷೆಯ ಭಾಗಕ್ಕೆ ತಾಗಿದರೆ ಪದ ಹೊರಡುವುದಿಲ್ಲ, ಆಡುತ್ತಿದ್ದ ಮಾತೇ ನಿಲ್ಲುತ್ತದೆ. ಭಾಷೆಯ ಜಾಗ ಗೊತ್ತಾಗುವುದು ಮೌನದಿಂದ. ಈ ಅನುಭವವನ್ನು ಪೆನ್‌ಫೀಲ್ಡ್ ಮತ್ತು ಲಾಮಾರ್ ರಾಬರ್ಟ್ಸ್ 1959ರಲ್ಲಿ ಪುಸ್ತಕವಾಗಿಸಿದರು.

ಇಲ್ಲಿ ಒಂದು ಪುಟ್ಟ ತಂತ್ರದ ಬಗ್ಗೆ ಹೇಳಬೇಕು, ಅದರ ಸರಳತೆ ನನ್ನನ್ನು ಇವತ್ತಿಗೂ ಹಿಡಿದು ನಿಲ್ಲಿಸುತ್ತದೆ. ಚಿತ್ರ ತೋರಿಸಿದಾಗ ಬರೀ ಹೆಸರು ಹೇಳಿಸದೆ ‘ಇದು...’ ಎಂದು ಶುರುಮಾಡಿಸುತ್ತಾರೆ. ವಿದ್ಯುತ್ ತಾಗಿದಾಗ ‘ಇದು’ ಕೂಡ ಹೊರಡದಿದ್ದರೆ ಉಚ್ಚಾರಣೆಯ ವ್ಯವಸ್ಥೆಯೇ ನಿಂತಿದೆ. ‘ಇದು’ ಬಂದು ‘ಕೊಡೆ’ ಬಾರದಿದ್ದರೆ ಪದ ಹುಡುಕುವ ಹಾದಿ ಕಡಿದಿದೆ. ಒಂದು ಸರ್ವನಾಮ ಎರಡು ಬಗೆಯ ಮೌನಗಳನ್ನು ಬೇರ್ಪಡಿಸುತ್ತದೆ.

ಸಿಯಾಟಲ್‌ನ ಜಾರ್ಜ್ ಓಜೆಮನ್ ಮತ್ತು ಸಂಗಡಿಗರು 1989ರಲ್ಲಿ 117 ರೋಗಿಗಳ ನಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪಠ್ಯಪುಸ್ತಕದ ಚಿತ್ರ ಒಡೆಯಿತು. ಹೆಸರಿಸುವಿಕೆಗೆ ಅನಿವಾರ್ಯವಾದ ಜಾಗಗಳು ಹಲವರಲ್ಲಿ ಒಂದೆರಡು ಚದರ ಸೆಂಟಿಮೀಟರ್ ಮಾತ್ರ, ಅವುಗಳ ನೆಲೆಯೂ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. 2008ರಲ್ಲಿ ನಾದರ್ ಸನಾಯ್, ಮಿಚೆಲ್ ಬರ್ಗರ್ ಮತ್ತು ಸಂಗಡಿಗರು ಪ್ರಕಟಿಸಿದ 250 ಗ್ಲಯೋಮಾ ರೋಗಿಗಳ ಅಧ್ಯಯನದಲ್ಲಿ, ತೆರೆದ ಭಾಗದಲ್ಲಿ ಭಾಷೆಯ ಜಾಗ ಸಿಕ್ಕಿದ್ದು 145 ಮಂದಿಯಲ್ಲಿ. ಶಸ್ತ್ರಚಿಕಿತ್ಸೆಯಾದ ಒಂದು ವಾರದ ಬಳಿಕ 56 ಮಂದಿಯ ಮಾತಿನಲ್ಲಿ ಹೊಸ ಅಥವಾ ಹೆಚ್ಚಿದ ತೊಂದರೆಯಿತ್ತು. ಆರು ತಿಂಗಳಿಗೆ ಅವರಲ್ಲಿ 52 ಮಂದಿ ಮೊದಲಿನ ಸ್ಥಿತಿಗೆ ಮರಳಿದ್ದರು.

ಮೊದಲನೆಯ ಪ್ರಶ್ನೆಯ ಚರಿತ್ರೆ, ಅಂದರೆ ಚಿತ್ರದ ಚರಿತ್ರೆ, ರಕ್ತದ ಮೂಲಕ ಬಂತು. ಅದಕ್ಕೂ ಮುನ್ನ 1949ರಲ್ಲಿ ಜಪಾನಿನ ಜೂನ್ ವಾಡಾ, ಕತ್ತಿನ ರಕ್ತನಾಳಕ್ಕೆ ಅಮೊಬಾರ್ಬಿಟಲ್ ಚುಚ್ಚಿ ಅರ್ಧ ಮಿದುಳನ್ನು ಕೆಲ ನಿಮಿಷ ಮಲಗಿಸುವ ಪರೀಕ್ಷೆಯನ್ನು ವರದಿ ಮಾಡಿದ್ದರು. ಮಾತು ಎಡಬದಿಯದೋ ಬಲಬದಿಯದೋ ಎಂಬುದಷ್ಟೇ ಅದರಿಂದ ತಿಳಿಯುತ್ತಿತ್ತು. 1988ರಲ್ಲಿ ಸ್ಟೀವನ್ ಪೀಟರ್‌ಸನ್, ಮಾರ್ಕಸ್ ರೈಕ್ಲ್ ಮತ್ತಿತರರು ಪೆಟ್ ಸ್ಕ್ಯಾನ್ ಬಳಸಿ, ಪದ ನೋಡುವಾಗ, ಕೇಳುವಾಗ, ಅದಕ್ಕೊಂದು ಕ್ರಿಯಾಪದ ಹುಡುಕುವಾಗ ರಕ್ತದ ಹರಿವು ಎಲ್ಲೆಲ್ಲಿ ಏರುತ್ತದೆಂದು ತೋರಿಸಿದರು. 1990ರಲ್ಲಿ ಸೆಯ್ಜಿ ಒಗಾವಾ ಇನ್ನೂ ಸರಳವಾದ ದಾರಿ ಕಂಡರು. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್‌ಗೆ ಬೇರೆಯೇ ಕಾಂತಗುಣವಿದೆಯೆಂದು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ಕಂಡುಕೊಂಡಿದ್ದರು. ದುಡಿಯುವ ಭಾಗಕ್ಕೆ ರಕ್ತ ಬೇಕಾದ್ದಕ್ಕಿಂತ ಹೆಚ್ಚೇ ಹರಿಯುವುದರಿಂದ ಆ ಹಿಮೋಗ್ಲೋಬಿನ್ ಅಲ್ಲಿ ತೆಳುವಾಗುತ್ತದೆ, ಎಂಆರ್‌ಐ ಸಂಕೇತ ತುಸು ಏರುತ್ತದೆ. 1992ರ ಹೊತ್ತಿಗೆ ಇದೇ ಮನುಷ್ಯರ ಫಂಕ್ಷನಲ್ ಎಂಆರ್‌ಐ ಆಯಿತು. 1996ರಲ್ಲಿ ಜೆಫ್ರಿ ಬೈಂಡರ್ ಮತ್ತು ಸಂಗಡಿಗರು 22 ಅಪಸ್ಮಾರ ರೋಗಿಗಳಲ್ಲಿ ಇದನ್ನು ವಾಡಾ ಪರೀಕ್ಷೆಯೊಂದಿಗೆ ಹೋಲಿಸಿದಾಗ ಎರಡೂ ಚೆನ್ನಾಗಿ ತಾಳೆಯಾದವು.

ಅಪಸ್ಮಾರದ ಮಿದುಳಿನಲ್ಲಿ ಗಳಿಸಿದ ಆ ನಂಬಿಕೆ ಗಡ್ಡೆಯ ಮಿದುಳಿನಲ್ಲಿ ಅಲುಗಾಡಿತು. ಇದೇ ಈ ಚರಿತ್ರೆಯ ಅತಿ ಮುಖ್ಯ ತಿರುವೆಂದು ನಾನು ಭಾವಿಸುತ್ತೇನೆ. ಫಂಕ್ಷನಲ್ ಎಂಆರ್‌ಐ ನರಕೋಶವನ್ನು ನೇರವಾಗಿ ನೋಡುವುದಿಲ್ಲ, ರಕ್ತನಾಳದ ಪ್ರತಿಕ್ರಿಯೆಯನ್ನು ನೋಡುತ್ತದೆ. ಉಗ್ರ ಗಡ್ಡೆಯ ಸುತ್ತ ಹೊಸದಾಗಿ ಹುಟ್ಟಿದ ರಕ್ತನಾಳಗಳು ಬೇಕಾದಾಗ ಹಿಗ್ಗುವುದಿಲ್ಲ. ನರಕೋಶ ದುಡಿಯುತ್ತಲೇ ಇರುತ್ತದೆ, ರಕ್ತ ಮಾತ್ರ ಏರುವುದಿಲ್ಲ. ಚಿತ್ರದಲ್ಲಿ ಆ ಜಾಗ ಕತ್ತಲು. 2000ದ ಆಸುಪಾಸಿನಲ್ಲಿ ಆಂಡ್ರೈ ಹೊಲೊಡ್ನಿ ಮತ್ತು ಸಂಗಡಿಗರು ಗ್ಲಯೊಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆಯ ಪಕ್ಕದಲ್ಲಿ ಸಂಕೇತ ಕುಗ್ಗುವುದನ್ನು ವರದಿ ಮಾಡಿದರು. 2004ರಲ್ಲಿ ಜಾನ್ ಉಲ್ಮರ್ ತಂಡ, ಎಡಬದಿಯ ಸಂಕೇತ ಹೀಗೆ ಅಡಗಿದಾಗ ಭಾಷೆ ಬಲಬದಿಯದೆಂಬ ಹುಸಿ ಭಾವನೆ ಮೂಡಬಹುದೆಂದು ತೋರಿಸಿತು. ಕತ್ತಲೆಂದು ಕತ್ತರಿಸಿದರೆ ಮಾತೇ ಹೋದೀತು. ಇದಕ್ಕೆ ಸಿಕ್ಕ ಒಂದು ಪರಿಹಾರ, ರೋಗಿಗೆ ಕೆಲ ಸೆಕೆಂಡು ಉಸಿರು ಬಿಗಿಹಿಡಿಯಲು ಹೇಳುವುದು. ಇಂಗಾಲದ ಡೈಆಕ್ಸೈಡ್ ಏರಿದಂತೆ ಮಿದುಳಿನ ಎಲ್ಲೆಡೆ ರಕ್ತ ಹೆಚ್ಚಬೇಕು. ಹೆಚ್ಚದ ಕಡೆ ಭಾಷೆಯ ಚಿತ್ರವನ್ನೂ ನಂಬಬಾರದು.

ಬೆಳಗಿದ ಜಾಗವೆಲ್ಲ ಅನಿವಾರ್ಯವೂ ಅಲ್ಲ. ಹೆಸರಿಸುವಾಗ ಗಮನ, ನೆನಪು, ಆಯ್ಕೆ ಎಲ್ಲ ಒಟ್ಟಿಗೆ ದುಡಿಯುತ್ತವೆ. ಹಾಗಾಗಿ ಫಂಕ್ಷನಲ್ ಎಂಆರ್‌ಐ ಎಲೆಕ್ಟ್ರೋಡಿನ ಸ್ಥಾನಕ್ಕೆ ಬರಲಿಲ್ಲ, ಎಲೆಕ್ಟ್ರೋಡನ್ನು ಮೊದಲು ಎಲ್ಲಿ ಇಡಬೇಕೆಂದು ಹೇಳುವ ಸಲಹೆಗಾರನಾಯಿತು.

ಮಿದುಳಿನ ಹೊರಪದರದ ಕೆಳಗಿನ ತಂತುಗಳ ಕಥೆ ತಡವಾಗಿ ಸೇರಿಕೊಂಡಿತು. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ನೀರಿನ ಅಣುಗಳ ಚಲನೆಯ ದಿಕ್ಕಿನಿಂದ ತಂತುಗಳ ಹಾದಿ ಗುರುತಿಸುವ ಡಿಫ್ಯೂಷನ್ ಟೆನ್ಸರ್ ವಿಧಾನ ಕೊಟ್ಟರು. ಫ್ರಾನ್ಸಿನ ಹ್ಯೂಗ್ ಡ್ಯುಫೋ ಆ ಆಳದಲ್ಲೂ ವಿದ್ಯುತ್ ತಾಗಿಸಿ ಪರೀಕ್ಷಿಸಿದರು. ಕಮಾನಿನಂಥ ಆರ್ಕ್ಯುಯೇಟ್ ತಂತುವಿಗೆ ತಾಗಿದರೆ ಧ್ವನಿ ತಪ್ಪುತ್ತದೆ, ಕನ್ನಡದಲ್ಲಿ ಹೇಳುವುದಾದರೆ ‘ಮನೆ’ ಹೋಗಿ ‘ಮಲೆ’ ಆಗುವ ಬಗೆ. ಕೆಳಗಿನ ಇನ್ನೊಂದು ತಂತುವಿಗೆ ತಾಗಿದರೆ ಅರ್ಥ ತಪ್ಪುತ್ತದೆ, ಬೆಕ್ಕಿನ ಚಿತ್ರಕ್ಕೆ ‘ನಾಯಿ’ ಎಂದ ಹಾಗೆ. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಪ್ಯಾರಿಸ್ಸಿನಲ್ಲಿ ಉಳಿದಿದ್ದ ಲೆಬೋರ್ನ್‌ನ ಮಿದುಳನ್ನೇ ಎಂಆರ್‌ಐಗೆ ಒಡ್ಡಿದರು. ಬ್ರೋಕಾ ಮಿದುಳನ್ನು ಹೋಳು ಮಾಡದೆ ಕಾಯ್ದಿಟ್ಟದ್ದು ನಮ್ಮ ಪುಣ್ಯ. ಹಾನಿ ಅವರು ಹೊರಗಿನಿಂದ ಕಂಡದ್ದಕ್ಕಿಂತ ಬಹಳ ಆಳಕ್ಕೆ, ಆ ತಂತುಗಳವರೆಗೂ ಇಳಿದಿತ್ತು.

ಇಷ್ಟೆಲ್ಲ ಆದಮೇಲೂ, ಸ್ಕ್ಯಾನರಿನೊಳಗೆ ರೋಗಿಗೆ ಯಾವ ಕೆಲಸ ಕೊಡುತ್ತೇವೆ ಎಂಬುದರ ಮೇಲೆ ಚಿತ್ರ ನಿಂತಿದೆ. ಅಮೆರಿಕನ್ ನರವಿಕಿರಣ ತಜ್ಞರು 2017ರಲ್ಲಿ ಸೂಚಿಸಿದ ಕೆಲಸಗಳಲ್ಲಿ ವಾಕ್ಯ ಪೂರ್ತಿಗೊಳಿಸುವುದು, ಅಕ್ಷರ ಕೊಟ್ಟು ಮನಸ್ಸಿನಲ್ಲೇ ಪದ ಹುಡುಕಿಸುವುದು ಮೊದಲಾದವು ಸೇರಿವೆ. ಇವನ್ನು ಕನ್ನಡಕ್ಕೆ ಹಾಗೆಯೇ ತಂದರೆ ಕೆಲಸವೇ ಬದಲಾಗುತ್ತದೆ. ಇಂಗ್ಲಿಷ್ ವಾಕ್ಯದ ಕೊನೆಯ ಖಾಲಿ ಜಾಗ ಹೆಚ್ಚಾಗಿ ನಾಮಪದ ಕೇಳುತ್ತದೆ. ‘ಅಮ್ಮ ಒಲೆಯ ಮೇಲೆ ಹಾಲು...’ ಎಂದು ನಿಲ್ಲಿಸಿದರೆ ಕನ್ನಡ ಕೇಳುವುದು ಕ್ರಿಯಾಪದ, ಅದೂ ಕಾಲ, ಲಿಂಗ, ವಚನದ ಪ್ರತ್ಯಯಗಳ ಸಮೇತ. ನಾಮಪದಕ್ಕೆ ಕ್ರಿಯೆ ಹುಡುಕಿಸಿದರೆ ‘ಕತ್ತರಿ’ಗೆ ‘ಕತ್ತರಿಸು’ ಪುಕ್ಕಟೆಯಾಗಿ ಸಿಗುತ್ತದೆ, ಸ್ನಾನ, ಅಡುಗೆ, ಫೋನ್ ಎಲ್ಲಕ್ಕೂ ‘ಮಾಡು’ ಒಂದೇ ಸಾಕಾಗುತ್ತದೆ. ‘ಕ’ ಎಂದು ಕೇಳಿದಾಗ ‘ಕಿಟಕಿ’ ಸರಿಯೇ ತಪ್ಪೇ ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು, ಏಕೆಂದರೆ ನಮ್ಮ ಬರಹದಲ್ಲಿ ‘ಕಿ’ ಬೇರೆಯೇ ಅಕ್ಷರ.

ಈ ಎಚ್ಚರಕ್ಕೆ ಕನ್ನಡದಲ್ಲಿ ಹಿರಿಯರ ದಾರಿಯಿದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆ ಹೊಂದುವ ಭಾಷಾ ಪರೀಕ್ಷೆಗಳು ರೂಪುಗೊಂಡವು. ಪ್ರತಿಭಾ ಕಾರಂತ 1981ರಲ್ಲೇ ‘ಕಾರ್ಟೆಕ್ಸ್’ ಪತ್ರಿಕೆಯಲ್ಲಿ, ಓದುವ ಶಕ್ತಿ ಕಳೆದುಕೊಂಡ ಕನ್ನಡ-ಇಂಗ್ಲಿಷ್ ದ್ವಿಭಾಷಿಯೊಬ್ಬರ ಬಗ್ಗೆ ಬರೆದರು. ಎರಡು ಭಾಷೆ ಬಲ್ಲವರಲ್ಲಿ ಅವೆರಡರ ಜಾಗಗಳು ಪೂರ್ತಿ ಒಂದರ ಮೇಲೊಂದು ಕೂರುವುದಿಲ್ಲವೆಂದು ಓಜೆಮನ್ ಮತ್ತು ಹ್ಯಾರಿ ವಿಟೇಕರ್ 1978ರಲ್ಲಿ ಕಂಡಿದ್ದರು. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವ ಮಂಗಳೂರಿನವರೊಬ್ಬರಿಗೆ ಒಂದೇ ಭಾಷೆಯಲ್ಲಿ ತೆಗೆದ ಚಿತ್ರ ಉಳಿದೆರಡರ ಬಗ್ಗೆ ಭರವಸೆ ಕೊಡಲಾರದು. ಅಂಥವರನ್ನು ಯಂತ್ರದೊಳಗೆ ಮಲಗಿಸುವ ಮೊದಲು ಮನೆಯವರ ಜೊತೆ ಕುಳಿತು ವಿಚಾರಿಸಬೇಕು: ಇವರು ಲೆಕ್ಕ ಹಾಕುವುದು ಯಾವ ಭಾಷೆಯಲ್ಲಿ, ಸಿಟ್ಟಾದರೆ ಬೈಯುವುದು ಯಾವುದರಲ್ಲಿ, ಮೊಮ್ಮಗುವನ್ನು ಕರೆಯುವುದು ಯಾವುದರಲ್ಲಿ?