ಮೆದುಳಿನ ಸೇತುವೆಗೆ ಹೆಸರು ಬಂದ ಬಗೆ

ತಲೆಬುರುಡೆಯನ್ನು ತೆರೆದರೆ ಮೊದಲು ಕಾಣುವುದು ಹಿರಿಮೆದುಳಿನ ಸುರುಳಿ ಸುರುಳಿಯಾದ ಮೇಲ್ಮೈ. ಹಾಗಾಗಿ ಹಿಂದಿನ ಅಂಗರಚನಾ ಶಾಸ್ತ್ರಜ್ಞರು ಮೆದುಳನ್ನು ಬುರುಡೆಯೊಳಗೇ ಇರಿಸಿ, ಮೇಲಿನಿಂದ ಪದರ ಪದರವಾಗಿ ಕೊಯ್ಯುತ್ತ ಬರುತ್ತಿದ್ದರು. 1543ರಲ್ಲಿ ಪ್ರಕಟವಾದ ವೆಸಾಲಿಯಸ್‌ನ ಪ್ರಸಿದ್ಧ ಗ್ರಂಥದಲ್ಲೂ ಇದೇ ಕ್ರಮವಿದೆ. ಬೆಣ್ಣೆಯಷ್ಟು ಮೃದುವಾದ ಈ ಅಂಗದ ಬುಡವನ್ನು ಕತ್ತಿ ತಲುಪುವ ವೇಳೆಗೆ ಅಲ್ಲಿ ನೋಡಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

ಅದೇ 1543ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಹುಟ್ಟಿದ ಕೊಸ್ಟಾಂಜೊ ವರೋಲಿಯೊ ಈ ಕ್ರಮವನ್ನೇ ತಿರುವುಹಾಕಿದ. ಮೆದುಳನ್ನು ಬುರುಡೆಯಿಂದ ಹೊರತೆಗೆದು, ಮಗುಚಿಟ್ಟು, ಬುಡದಿಂದ ಪರಿಶೀಲಿಸತೊಡಗಿದ. ಕೇಳಲು ಇದು ಸಣ್ಣ ಮಾತು. ಆದರೆ ನರಗಳು ಹೊರಡುವುದೇ ಬುಡದಿಂದ. ಅವುಗಳ ನಡುವೆ ಮೆದುಳು ಕಾಂಡಕ್ಕೆ ಅಡ್ಡಲಾಗಿ ಉಬ್ಬಿ ನಿಂತ, ಸುಮಾರು ಒಂದು ಅಂಗುಲ ಉದ್ದದ ಭಾಗವೊಂದು ಆತನ ಗಮನ ಸೆಳೆಯಿತು. ಕಾಂಡವು ಅದರಡಿ ಸಾಗುವ ರೀತಿ ಸೇತುವೆಯ ಕೆಳಗೆ ಹರಿಯುವ ಕಾಲುವೆಯಂತೆ ತೋರಿತು. ಲ್ಯಾಟಿನ್‌ನಲ್ಲಿ 'ಪಾನ್ಸ್' ಎಂದರೆ ಸೇತುವೆ. 1573ರಲ್ಲಿ ಪಡುವಾದಲ್ಲಿ ಅಚ್ಚಾದ, ದೃಷ್ಟಿನರಗಳ ಕುರಿತ ಆತನ ಪುಸ್ತಕದಲ್ಲಿ ಈ ವಿವರಣೆ ಇದೆ. ಎರಡೇ ವರ್ಷಗಳಲ್ಲಿ, 32ರ ಹರೆಯದಲ್ಲಿ ವರೋಲಿಯೊ ರೋಮ್‌ನಲ್ಲಿ ತೀರಿಕೊಂಡ. ಆ ಭಾಗ ಮಾತ್ರ 'ವರೋಲಿಯೊನ ಸೇತುವೆ' ಎಂದೇ ಹೆಸರಾಯಿತು.

ಹಾಗಾದರೆ ಅದನ್ನು ಮೊದಲು ಕಂಡವನು ಆತನೇ? ಅಲ್ಲ. ಆತನಿಗಿಂತ ಹಿರಿಯನಾದ ಬಾರ್ತೊಲೊಮಿಯೊ ಯುಸ್ಟಾಚಿ 1552ರ ವೇಳೆಗೇ ಮೆದುಳಿನ ಬುಡದ ಚಿತ್ರವನ್ನು ತಾಮ್ರದ ಹಲಗೆಯ ಮೇಲೆ ಕೆತ್ತಿಸಿದ್ದ. ಅದರಲ್ಲಿ ಈ ಉಬ್ಬು ಸ್ಪಷ್ಟವಾಗಿದೆ. ಆದರೆ ಒಟ್ಟು 47 ಹಲಗೆಗಳ ಪೈಕಿ ಆತನ ಜೀವಿತಾವಧಿಯಲ್ಲಿ ಬೆಳಕು ಕಂಡದ್ದು ಎಂಟು ಮಾತ್ರ. ಉಳಿದವು ಒಂದು ಕುಟುಂಬದ ವಶದಲ್ಲಿದ್ದು, ಲಾನ್ಸಿಸಿಯ ಪ್ರಯತ್ನದಿಂದ ಪ್ರಕಟವಾದದ್ದು 1714ರಲ್ಲಿ. ಅಷ್ಟರಲ್ಲಿ ಹೆಸರು ಬೇರೂರಿಬಿಟ್ಟಿತ್ತು. ಯುಸ್ಟಾಚಿಗೆ ಇದು ಅನ್ಯಾಯವೆನಿಸಬಹುದು. ಆದರೆ ಪೆಟ್ಟಿಗೆಯೊಳಗಿದ್ದ ಚಿತ್ರದಿಂದ ಆ ಕಾಲದ ವಿದ್ಯಾರ್ಥಿಗಳಿಗೆ ಸಿಕ್ಕಿದ್ದೇನು?

ಹೋಲಿಕೆ ಕಣ್ಣಿಗೆ ಒಪ್ಪುವಂಥದ್ದೇ, ಕೆಲಸಕ್ಕೆ ಪೂರ್ತಿ ಒಪ್ಪುವುದಿಲ್ಲ. ಅಡ್ಡ ತಂತುಗಳು ಕಿರುಮೆದುಳಿನ ಎರಡು ಪಕ್ಕಗಳನ್ನು ನೇರವಾಗಿ ಜೋಡಿಸುವುದಿಲ್ಲ. ಹಿರಿಮೆದುಳಿನಿಂದ ಇಳಿದ ಸಂದೇಶಗಳು ಇಲ್ಲಿನ ನರಕೋಶಗಳಿಗೆ ತಲುಪಿ, ಅಲ್ಲಿಂದ ಎದುರು ಪಕ್ಕದ ಕಿರುಮೆದುಳಿಗೆ ದಾಟುತ್ತವೆ. ಉಸಿರಾಟದ ಲಯ, ನಿದ್ರೆ, ಮುಖದ ಸ್ಪರ್ಶ ಇವೆಲ್ಲವುಗಳಲ್ಲಿ ಈ ಭಾಗದ ಪಾತ್ರವಿದೆ. ಇದರ ಮುಂಭಾಗದ ಎರಡೂ ಪಕ್ಕಗಳಿಗೆ ರಕ್ತ ನಿಂತರೆ ಮನುಷ್ಯನಿಗೆ ಪ್ರಜ್ಞೆಯಿರುತ್ತದೆ, ಕೇಳಿಸುತ್ತದೆ, ಅರ್ಥವಾಗುತ್ತದೆ. ಆದರೆ ಕೈಕಾಲು, ನಾಲಿಗೆ ಯಾವುದೂ ಅಲುಗದು. ಸಾಮಾನ್ಯವಾಗಿ ಕಣ್ಣನ್ನು ಮೇಲೆ ಕೆಳಗೆ ಹೊರಳಿಸುವುದು, ರೆಪ್ಪೆ ಬಡಿಯುವುದು ಮಾತ್ರ ಉಳಿಯುತ್ತದೆ. ಫ್ರಾನ್ಸ್‌ನ ಪತ್ರಕರ್ತ ಜಾನ್ ಡೊಮಿನಿಕ್ ಬೋಬಿ 1995ರಲ್ಲಿ ಈ ಸ್ಥಿತಿಗೆ ಒಳಗಾಗಿ, ಎಡಗಣ್ಣಿನ ರೆಪ್ಪೆ ಬಡಿದೇ ಒಂದು ಪುಸ್ತಕ ಬರೆಸಿದರು.

1955ರಲ್ಲಿ ಪ್ಯಾರಿಸ್‌ನಲ್ಲಿ ಅಂಗೀಕೃತವಾದ ಅಂಗರಚನಾ ಪದಪಟ್ಟಿ ವ್ಯಕ್ತಿಗಳ ಹೆಸರುಗಳನ್ನು ಕೈಬಿಟ್ಟಿತು. ಈಗ ಪಠ್ಯಗಳಲ್ಲಿರುವುದು ಬರೀ 'ಪಾನ್ಸ್'.