ಕಯಾಕ್ ದೋಣಿಯ ಸಲಕರಣೆ

ಕ್ರಿ. ಶ. ೧೭೬೦ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣವನ್ನು ನೋಡಹೋದ ಇಂಗ್ಲಿಷ್ ಪಾದ್ರಿಯೊಬ್ಬರು ತಮ್ಮ ದಿನಚರಿಯಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಬರೆದಿಟ್ಟಿದ್ದಾರೆ. ಸುಮಾರು ಏಳು ಗಜ ಉದ್ದವೂ ಎರಡು ಅಡಿ ಅಗಲವೂ ಉಳ್ಳ ದೋಣಿಯೊಂದನ್ನು ಅವರು ಅಲ್ಲಿ ಕಂಡರು. ಅದಕ್ಕೆ ಮೂವತ್ತೆರಡು ವರ್ಷಗಳ ಹಿಂದೆ ಆ ದೋಣಿಯು ಕಡಲಿನಿಂದ ಡಾನ್ ನದಿಯೊಳಕ್ಕೆ ಬಂದು ಸೇರಿತಂತೆ. ಅದರಲ್ಲಿ ಒಬ್ಬ ಮನುಷ್ಯನಿದ್ದನು. ಅವನ ಮಾತು ಆ ಊರಿನಲ್ಲಿ ಯಾರೊಬ್ಬರಿಗೂ ತಿಳಿಯಲಿಲ್ಲ. ಮೂರು ದಿನ ಬದುಕಿದ್ದು ಅವನು ತೀರಿಕೊಂಡನು.

ಅವನ ಹೆಸರು ಉಳಿಯಲಿಲ್ಲ, ಊರು ಉಳಿಯಲಿಲ್ಲ. ಅಬರ್ಡೀನಿನ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿರುವ ಒಂದು ಹಳೆಯ ತೊಗಲುದೋಣಿ ಅವನದೇ ಎಂದು ಅನೇಕರು ನಂಬುವರು. ಅದು ಗ್ರೀನ್‌ಲೆಂಡಿನ ಕಯಾಕ್ ಎಂಬ ಜಾತಿಯ ದೋಣಿ. ತಿಮಿಂಗಿಲದ ಬೇಟೆಯ ಹಡಗಿನವರು ಅವನನ್ನು ಹಿಡಿದು ತಂದರೋ, ತಾನಾಗಿಯೇ ಬಂದನೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಆ ವಾದವು ಇಂದು ನಮಗೆ ಬೇಡ. ಒಬ್ಬಂಟಿಯಾಗಿ ಹಿಮಸಮುದ್ರಕ್ಕೆ ಇಳಿಯತಕ್ಕ ಬೇಟೆಗಾರನು ಯಾವ ಯಾವ ವಸ್ತುಗಳನ್ನು ಜೊತೆಗೆ ಒಯ್ಯುತ್ತಿದ್ದನು, ಯಾವುದನ್ನು ದಡದಲ್ಲಿಯೇ ಬಿಡುತ್ತಿದ್ದನು, ಹಾಗೆ ನಿರ್ಧರಿಸುವುದಕ್ಕೆ ಕಾರಣಗಳೇನು ಎಂಬುದನ್ನಷ್ಟೇ ಈ ಹೊತ್ತು ವಿಚಾರಿಸೋಣ.

ಮೊದಲು ದೋಣಿಯ ಮಾತು. ತೊಗಲಿನ ದೋಣಿಯೆಂಬುದು ನಮ್ಮ ನಾಡಿಗೆ ಹೊಸದಲ್ಲ. ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ್ ಪ್ರವಾಸಿ ಪಾಯಸನು ಆನೆಗೊಂದಿಯ ಬಳಿ ಜನರು ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುತ್ತಿದ್ದರೆಂದೂ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಿದ್ದರೆಂದೂ ಬರೆದಿದ್ದಾನೆ. ನಮ್ಮ ಹರಿಗೋಲು ಹೀಗೆ ಹತ್ತು ಜನರಿಗಾಗಿ ಹುಟ್ಟಿದ ದೋಣಿ. ಗ್ರೀನ್‌ಲೆಂಡಿನ ಕಯಾಕ್ ಒಬ್ಬನೇ ಒಬ್ಬನಿಗಾಗಿ, ಅವನ ತೊಡೆ ಸೊಂಟಗಳ ಅಳತೆಯನ್ನು ಹಿಡಿದು ಕಟ್ಟಿದ್ದು. ಉದ್ದ ಹದಿನೇಳು ಹದಿನೆಂಟು ಅಡಿಯಿದ್ದರೂ ಅಗಲ ಒಂದೂವರೆ ಅಡಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಮರವೇ ಬೆಳೆಯದ ಆ ತೀರದಲ್ಲಿ, ಸೈಬೀರಿಯದ ನದಿಗಳಿಂದ ಕಡಲಿಗೆ ಬಿದ್ದು ತೇಲಿಬಂದ ಮರದ ತುಂಡುಗಳೇ ಅದರ ಎಲುಬುಗಳು. ಸೀಲ್ ಎಂಬ ಕಡಲಪ್ರಾಣಿಯ ತೊಗಲು ಮೇಲಿನ ಹೊದಿಕೆ. ಕುಳಿತುಕೊಳ್ಳುವ ಒಂದು ಸುತ್ತುಬಾಯಿಯನ್ನುಳಿದು ಮೇಲ್ಭಾಗವೆಲ್ಲ ಮುಚ್ಚಿರುವುದು. ಈ ಬಗೆಯ ದೋಣಿಯ ಇತಿಹಾಸವು ಬಹು ದೀರ್ಘವಾದುದು. ೧೯೮೦ರ ದಶಕದಲ್ಲಿ ಪಶ್ಚಿಮ ಗ್ರೀನ್‌ಲೆಂಡಿನ ಕೆಕೆರ್ತಸುಸ್ಸುಕ್ ಎಂಬಲ್ಲಿ ಭೂಶೋಧನೆ ಮಾಡಿದಾಗ ಸುಮಾರು ನಾಲ್ಕು ಸಾವಿರ ವರ್ಷಗಳಷ್ಟು ಹಳೆಯ ದೋಣಿಯ ಎಲುಬುಗಳೂ ಹುಟ್ಟಿನ ತುಂಡುಗಳೂ ದೊರೆತುವು.

ನಾವು ಪ್ರಯಾಣಕ್ಕೆ ಹೊರಟರೆ ಗಂಟು ಕಟ್ಟುವ ರೀತಿಯು ಎಲ್ಲರಿಗೂ ತಿಳಿದದ್ದೆ. ಬೇಕಾದೀತು, ಇರಲಿ ಎಂದು ಒಂದು ಚೆಂಬು. ಇದೂ ಇರಲಿ ಎಂದು ಇನ್ನೊಂದು ಕಂಬಳಿ. ಈ ‘ಇರಲಿ’ ಎಂಬ ಮಾತಿಗೆ ಕಯಾಕಿನಲ್ಲಿ ಎಡೆಯಿಲ್ಲ. ಅಲ್ಲಿ ತೂಕಕ್ಕಿಂತಲೂ ದೊಡ್ಡ ಪ್ರಶ್ನೆಯೆಂದರೆ ಕೈಗೆ ಎಟಕುವುದು. ಕುಳಿತವನು ಏಳುವಂತಿಲ್ಲ, ಹಿಂದಿರುಗಿ ಹುಡುಕುವಂತಿಲ್ಲ. ಸೊಂಟದ ಮೇಲಿನ ತೊಗಲಂಗಿಯನ್ನು ಸುತ್ತುಬಾಯಿಗೆ ಬಿಗಿದುಕೊಂಡ ಮೇಲೆ ಒಳಗಿರುವ ವಸ್ತುವು ಮನೆಯಲ್ಲಿದ್ದಂತೆಯೇ ಸರಿ. ಆದುದರಿಂದ ಬೇಟೆಯ ಸಲಕರಣೆಗಳೆಲ್ಲವೂ ದೋಣಿಯ ಬೆನ್ನ ಮೇಲೆ, ಅಡ್ಡಲಾಗಿ ಬಿಗಿದ ತೊಗಲಿನ ಪಟ್ಟಿಗಳ ಕೆಳಗೆ, ಒಂದೊಂದೂ ತನ್ನ ತನ್ನ ಸ್ಥಾನದಲ್ಲಿ ಇರತಕ್ಕದ್ದು. ಕಣ್ಣು ಬೇಟೆಯ ಮೇಲೆಯೇ ಇರುವಾಗ ಕೈಯು ತಾನಾಗಿ ಅಲ್ಲಿಗೆ ಹೋಗಬೇಕು.

೧೭೨೧ರಲ್ಲಿ ಗ್ರೀನ್‌ಲೆಂಡಿಗೆ ಹೋಗಿ ನೆಲಸಿದ ಪಾದ್ರಿ ಹಾನ್ಸ್ ಎಗೆದೆಯವರೂ, ೧೭೬೫ರಲ್ಲಿ ಆ ದೇಶದ ಚರಿತ್ರೆಯನ್ನು ಪ್ರಕಟಿಸಿದ ದಾವಿದ್ ಕ್ರಾಂತ್ಸರೂ, ೧೮೮೮ರಲ್ಲಿ ಆ ಹಿಮಭೂಮಿಯನ್ನು ಅಡ್ಡಲಾಗಿ ದಾಟಿ ಚಳಿಗಾಲವನ್ನೆಲ್ಲ ಅಲ್ಲಿಯೇ ಕಳೆದು ತಾವೇ ಕಯಾಕನ್ನು ನಡೆಸಲು ಕಲಿತ ನಾನ್ಸೆನ್ನರೂ ಈ ಸಲಕರಣೆಗಳನ್ನು ವರ್ಣಿಸಿದ್ದಾರೆ. ಮೂರು ಕಾಲದ ವರ್ಣನೆಗಳೂ ಮುಖ್ಯವಾದ ಅಂಶಗಳಲ್ಲಿ ಒಂದನ್ನೊಂದು ಹೋಲುವುವು. ಹಗ್ಗ ಕಟ್ಟಿದ ಈಟಿ, ಅಂದರೆ ಹಾರ್ಪೂನು. ಅದನ್ನು ದೂರಕ್ಕೆ ಬೀಸಲು ಒಂದು ಎಸೆಹಲಗೆ. ಹಲವು ಮಾರು ಉದ್ದದ ತೊಗಲಿನ ಹಗ್ಗ. ಹಗ್ಗವನ್ನು ಸುತ್ತಿಡಲು ಎದುರಿಗೆ ಒಂದು ಎತ್ತರದ ಮಣೆ. ಬೆನ್ನ ಹಿಂದೆ ಗಾಳಿ ತುಂಬಿದ ಸೀಲಿನ ತೊಗಲಿನ ತೇಲುಚೀಲ. ಬೇಟೆಯನ್ನು ಮುಗಿಸಲು ಒಂದು ಭರ್ಜಿ. ಹಕ್ಕಿಗಳಿಗಾಗಿ ಕವಲುಮುಳ್ಳಿನ ಒಂದು ಎಸೆಗೋಲು.

ಇವುಗಳಲ್ಲಿ ಹಗ್ಗದ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಹಾರ್ಪೂನಿನ ಅಲಗು ಸೀಲಿನ ಮೈಯಲ್ಲಿ ನಾಟಿದೊಡನೆಯೇ ಕೋಲಿನಿಂದ ಕಳಚಿಕೊಂಡು ಮಾಂಸದೊಳಗೆ ಅಡ್ಡಲಾಗಿ ತಿರುಗಿ ನಿಲ್ಲುವುದು. ಕೋಲು ನೀರಿನ ಮೇಲೆ ತೇಲುತ್ತಿದ್ದು ಆಮೇಲೆ ಕೈಗೆ ಸಿಕ್ಕುವುದು. ಅಲಗಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಇರುವುದು ತೇಲುಚೀಲಕ್ಕೆ. ದೋಣಿಗೆ ಅದನ್ನು ಎಂದಿಗೂ ಕಟ್ಟಕೂಡದು. ಗಾಯಗೊಂಡ ಪ್ರಾಣಿಯು ಮುಳುಗುವಾಗ ಮಣೆಯ ಮೇಲಿನ ಹಗ್ಗವು ಬುಸುಗುಟ್ಟುತ್ತ ಬಿಚ್ಚಿಕೊಳ್ಳುವುದು. ಅದು ಮುಗಿಯುವುದರೊಳಗಾಗಿ ಬೇಟೆಗಾರನು ಕೈಯನ್ನು ಹಿಂದಕ್ಕೆ ಚಾಚಿ ಚೀಲವನ್ನು ನೀರಿಗೆ ನೂಕಬೇಕು. ಸೀಲು ಚೀಲವನ್ನೆಳೆದು ಎಳೆದು ದಣಿಯುವುದು. ಆದರೆ ಹಗ್ಗದ ಒಂದು ಸುತ್ತು ಮಣೆಯ ಮೂಲೆಗೋ, ಭರ್ಜಿಯ ತುದಿಗೋ, ಅವನ ತೋಳಿಗೋ ತೊಡಕಿಕೊಂಡಿತೆಂದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದೋಣಿ ಮಗುಚುವುದು. ದೋಣಿಯ ಬೆನ್ನ ಮೇಲೆ ಇರಬೇಕಾದ ವಸ್ತುಗಳು ಇಷ್ಟೇ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೆಚ್ಚಾಗಿ ತಂದ ಒಂದೊಂದು ಕೋಲೂ ಆ ಹಗ್ಗವು ಸಿಕ್ಕಿಕೊಳ್ಳುವುದಕ್ಕೆ ಇನ್ನೊಂದು ಗೂಟ.

ಮಗುಚಿದರೆ ಹುಟ್ಟನ್ನು ನೀರಿನಲ್ಲಿ ಬೀಸಿ ಮತ್ತೆ ಮೇಲಕ್ಕೇಳುವ ವಿದ್ಯೆಯನ್ನು ಅವರು ಚಿಕ್ಕಂದಿನಿಂದಲೇ ಅಭ್ಯಾಸಮಾಡುತ್ತಿದ್ದರು. ಇಂತಹ ಸಾಧನೆಗಳಲ್ಲಿ ಹತ್ತು ಬಗೆಗಳನ್ನು ಕ್ರಾಂತ್ಸರು ಎಣಿಸಿದ್ದಾರೆ. ಹುಟ್ಟು ಕೈತಪ್ಪಿ ಹೋದರೆ ಎಸೆಹಲಗೆಯಿಂದ, ಅದೂ ಇಲ್ಲದಿದ್ದರೆ ಬರಿಗೈಯಿಂದ. ಬೇರೆ ಹುಟ್ಟೊಂದನ್ನು ಹೊತ್ತು ತರುವ ಬದಲು ಇರುವ ಹಲಗೆಯಿಂದಲೇ ಎರಡು ಕೆಲಸ ಮಾಡಿಸಿದ ಈ ಜಾಣತನವು ನನಗೆ ಬಹಳ ಮೆಚ್ಚಿಗೆಯಾಯಿತು. ಹಾಗೆಯೇ ಹುಟ್ಟಿನ ಒಂದು ತುದಿಯನ್ನು ಬೆನ್ನಿನ ಪಟ್ಟಿಗಳಡಿಗೆ ತುರುಕಿ ಇನ್ನೊಂದನ್ನು ನೀರಿನ ಮೇಲೆ ಚಾಚಿದರೆ ದೋಣಿಯು ಅಲುಗದೆ ನಿಲ್ಲುವುದು. ಎರಡು ಕೈಗಳೂ ಬಿಡುವಾಗುವುವು.

ಮೀನು ಹಿಡಿಯಹೋಗುವಾಗ ಹೊರೆಯು ಇನ್ನೂ ಕಡಿಮೆ. ಗಾಳದ ದಾರವನ್ನು ಹತ್ತಿ ನಾರುಗಳಿಂದ ಮಾಡುವಂತಿಲ್ಲ. ಅವು ಅಲ್ಲಿ ಬೆಳೆಯುವುದಿಲ್ಲ. ತಿಮಿಂಗಿಲದ ಬಾಯೊಳಗೆ ಜಾಲರಿಯಂತೆ ಇಳಿಬಿದ್ದಿರುವ ಕೊಂಬಿನಂತಹ ಪಟ್ಟಿಗಳನ್ನು ತೆಳುವಾಗಿ ಸೀಳಿ ಒಂದಕ್ಕೊಂದು ಗಂಟುಹಾಕಿ ದಾರ ಮಾಡುತ್ತಿದ್ದರು. ಭಾರಕ್ಕೆ ಒಂದು ಕಲ್ಲು. ಎಲುಬಿನ ಗಾಳ, ಮುಂದೆ ಕಬ್ಬಿಣದ್ದು. ಹ್ಯಾಲಿಬಟ್ ಎಂಬ ಚಪ್ಪಟೆಯಾದ ದೊಡ್ಡ ಮೀನು ಸಿಕ್ಕಿದಾಗ ಮಾತ್ರ ಕಷ್ಟ. ಮನುಷ್ಯನ ಎತ್ತರಕ್ಕೆ ಬೆಳೆಯಬಲ್ಲ ಆ ಮೀನನ್ನು ಒಂದೂವರೆ ಅಡಿ ಅಗಲದ ದೋಣಿಯ ಪಕ್ಕಕ್ಕೆ ಎಳೆದು ತಂದಮೇಲೆ ಅದು ಒಮ್ಮೆ ಬಾಲವನ್ನು ಬಡಿದರೂ ಅಪಾಯವೇ. ಒಂದು ದೊಣ್ಣೆಗೆ ಜಾಗ ಕೊಟ್ಟರೆ ಅದು ವ್ಯರ್ಥವಾದ ಭಾರವಲ್ಲ.

ಹೊರಡುವವನು ಆರಿಸಿಕೊಳ್ಳಬೇಕಾದ ವಸ್ತುಗಳ ಪಟ್ಟಿಯಲ್ಲಿ ಕಾಣದ ಒಂದು ವಸ್ತುವುಂಟು. ಅದು ಹೆಂಗಸರ ಹೊಲಿಗೆ. ದೋಣಿಯ ಹೊದಿಕೆಯನ್ನೂ ಬೇಟೆಗಾರನ ನೀರಂಗಿಯನ್ನೂ ಪ್ರಾಣಿಗಳ ನರದ ಎಳೆಯಿಂದ ಹೊಲಿಯುತ್ತಿದ್ದವರು ಅವರು. ಸೂಜಿಯು ತೊಗಲನ್ನು ಪೂರ್ತಿಯಾಗಿ ತೂರದಂತೆ ಹೊಲಿದು ನೀರು ಒಳಬಾರದಂತೆ ಮಾಡುತ್ತಿದ್ದರು. ಚರಿತ್ರೆಯ ಪುಸ್ತಕಗಳಲ್ಲಿ ಹಾರ್ಪೂನಿಗೆ ಸಿಕ್ಕಿದಷ್ಟು ಪುಟಗಳು ಈ ಸೂಜಿಗೆ ಸಿಕ್ಕಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೋಣಿಯ ಮೇಲಕ್ಕೆ ಬಂದೂಕ ಬಂದಿತು. ಬಂದೂಕ ಬಂದರೆ ಹಾರ್ಪೂನು ಇಳಿಯಬೇಕೆಂದು ನಮಗೆ ತೋರುವುದು. ಹಾಗಾಗಲಿಲ್ಲ. ಕೊಬ್ಬು ಕಡಿಮೆಯಾಗಿರುವ ಬೇಸಗೆಯಲ್ಲಿ ಗುಂಡು ತಗುಲಿದ ಸೀಲು ಕಲ್ಲಿನಂತೆ ಮುಳುಗಿಹೋಗುವುದು. ಅದನ್ನು ಹಿಡಿದು ನಿಲ್ಲಿಸಲು ಹಗ್ಗವೂ ತೇಲುಚೀಲವೂ ಮೊದಲಿನಂತೆಯೇ ಬೇಕು. ಅದರ ಮೇಲೆ ಬಂದೂಕಿಗೆ ನೀರು ತಾಗದಂತೆ ಒಂದು ತೊಗಲಿನ ಚೀಲ, ಬೇಟೆಗಾರನನ್ನು ಮರೆಮಾಡಿ ಹಿಮದ ಗಡ್ಡೆಯಂತೆ ತೋರಿಸಲು ಎದುರಿಗೆ ಒಂದು ಬಿಳಿಯ ಪರದೆ, ಗುಂಡು ಹಾರಿಸುವಾಗ ದೋಣಿಯು ನೇರವಾಗಿ ನಿಲ್ಲಲು ತಳದಲ್ಲಿ ಒಂದು ರೆಕ್ಕೆ. ಹೀಗೆ ಹಗುರಮಾಡಲು ಬಂದ ವಸ್ತುವು ಹೊರೆಯನ್ನೇ ಹೆಚ್ಚಿಸಿತು. ನಾನ್ಸೆನ್ನರಿಗೆ ಈ ಬದಲಾವಣೆಯು ಹಿಡಿಸಲಿಲ್ಲ. ಬಂದೂಕಿನಿಂದ ಹಾರ್ಪೂನಿನ ಕುಶಲತೆಯು ಕ್ಷೀಣಿಸುವುದೆಂದು ಅವರು ವಾದಿಸಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದ್ದರೂ, ಹೊಟ್ಟೆಗಾಗಿ ಬೇಟೆಯಾಡುವವನು ದೂರದಿಂದ ಹೊಡೆಯುವ ಆಯುಧವನ್ನು ಬೇಡವೆನ್ನುವುದೆಂತು?

ಕಯಾಕಿಗೆ ನಿಜವಾದ ಪೆಟ್ಟು ಬಿದ್ದುದು ಬಂದೂಕಿನಿಂದಲ್ಲ. ೧೯೨೦ರ ದಶಕದ ಹೊತ್ತಿಗೆ ಪಶ್ಚಿಮ ಗ್ರೀನ್‌ಲೆಂಡಿನ ಕಡಲು ಬೆಚ್ಚಗಾಗಿ, ಸೀಲುಗಳು ಕಡಿಮೆಯಾಗಿ, ಕಾಡ್ ಎಂಬ ಮೀನು ಅಪಾರವಾಗಿ ಬರತೊಡಗಿತು. ಮೀನನ್ನು ಉಪ್ಪುಹಾಕಿ ಮಾರುವ ಉದ್ಯಮವು ಬೆಳೆಯಿತು. ಕೊಂದ ಸೀಲನ್ನಾದರೆ ನೀರಿನಲ್ಲಿಯೇ ತೇಲಿಸಿಕೊಂಡು ದೋಣಿಯ ಹಿಂದೆ ಎಳೆದು ತರಬಹುದು; ಅದು ದೋಣಿಯ ಜಾಗವನ್ನು ಕೇಳುವುದಿಲ್ಲ. ನೂರು ಕಾಡ್ ಮೀನುಗಳನ್ನು ಹಾಗೆ ತರುವುದೆಂತು? ಒಬ್ಬನಿಗೂ ಅವನ ಆಯುಧಗಳಿಗೂ ಸರಿಯಾಗಿ ಅಳೆದು ಮಾಡಿದ ದೋಣಿಯಲ್ಲಿ ವ್ಯಾಪಾರದ ಸರಕಿಗೆ ಸ್ಥಳವೆಲ್ಲಿ? ಬೆಸ್ತನು ಮರದ ದೋಣಿಗೂ, ಕ್ರಮೇಣ ಯಂತ್ರದ ದೋಣಿಗೂ ಹೋದನು. ೧೯೮೦ರ ದಶಕದಲ್ಲಿ ಅಲ್ಲಿಯ ಯುವಕರು ಸಂಘವನ್ನು ಕಟ್ಟಿ ಹಳೆಯ ವಿದ್ಯೆಯನ್ನು ಮತ್ತೆ ಎಚ್ಚರಿಸಿದರು. ಆದರೆ ಅದು ಜೀವನೋಪಾಯವಾಗಿ ಅಲ್ಲ.

ಪೂರ್ವದ ತೀರದಲ್ಲಿ ಕಯಾಕ್ ಬೇಟೆಯು ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ೧೯೩೦ರಲ್ಲಿ, ಗೀನೋ ವಾಟ್ಕಿನ್ಸ್ ಎಂಬ ಇಂಗ್ಲಿಷ್ ತರುಣರು ವಿಮಾನಮಾರ್ಗದ ಶೋಧನೆಗಾಗಿ ಅಲ್ಲಿಗೆ ಹೋದರು. ಅಂಗ್‌ಮಗ್‌ಸಾಲಿಕ್ ಕಡೆಯ ಜನರಿಂದ ಕಯಾಕನ್ನು ನಡೆಸುವುದನ್ನೂ ಮಗುಚಿ ಏಳುವುದನ್ನೂ ಹಾರ್ಪೂನು ಎಸೆಯುವುದನ್ನೂ ಕಲಿತರು. ೧೯೩೨ರಲ್ಲಿ ಮೂವರು ಸಂಗಡಿಗರೊಡನೆ ಮತ್ತೆ ಹೋಗುವಾಗ ಹಣದ ಅನುಕೂಲವು ಸಾಲದೆ ಇದ್ದುದರಿಂದ, ಆಹಾರವನ್ನು ಕಡಿಮೆ ಒಯ್ದು ಉಳಿದುದಕ್ಕೆ ಸೀಲಿನ ಬೇಟೆಯನ್ನೇ ನೆಚ್ಚುವುದೆಂದು ನಿರ್ಧರಿಸಿಕೊಂಡರು. ಹಡಗಿಗೆ ಏರಿಸದೆ ಬಿಟ್ಟ ಆಹಾರವನ್ನು ಆ ಒಂದೂವರೆ ಅಡಿಯ ದೋಣಿಯೇ ಒದಗಿಸಬೇಕಾಗಿತ್ತು. ಆಗಸ್ಟ್ ೨೦ರಂದು ವಾಟ್ಕಿನ್ಸರು ಒಬ್ಬರೇ ಬೇಟೆಗೆ ಹೋದರು. ಅದೇ ದಿನ ಸಂಗಡಿಗರು ನೀರು ತುಂಬಿ ತೇಲುತ್ತಿದ್ದ ಅವರ ಕಯಾಕನ್ನು ಕಂಡರು. ಒಂದು ಹಿಮದ ಹಾಸಿನ ಮೇಲೆ ಅವರ ಒದ್ದೆಯಾದ ಷರಾಯಿಯೂ ಕಯಾಕಿನ ನಡುಪಟ್ಟಿಯೂ ಬಿದ್ದಿದ್ದುವು. ಶರೀರವು ದೊರೆಯಲಿಲ್ಲ. ಆಗ ಅವರಿಗೆ ಇಪ್ಪತ್ತೈದು ವರ್ಷ.